ಉಬ್ಬಿದ ಹಲಸಿನ ಡಬ್ಬಿಗಳು

೧೯೭೯ರ ಬೇಸಿಗೆಯಲ್ಲಿ ನಾನು ಕೃಷಿ ವಿಶ್ವವಿದ್ಯಾನಿಲಯವೊಂದರ ವಿಸ್ತರಣಾ ವಿಭಾಗದಲ್ಲಿ ಸಹಾಯಕಿಯಾಗಿ ತುಮಕೂರಿನಲ್ಲಿದ್ದೆ. ನಮ್ಮದೊಂದು ಹಣ್ಣು ಸಂಸ್ಕರಣಾ ಕೇಂದ್ರವಿತ್ತು. ವಿದ್ಯಾರ್ಥಿಗಳ ತರಬೇತಿ ಇಲ್ಲದ ದಿನಗಳಲ್ಲಿ ಸುತ್ತಲಿನ ರೈತರು ತಮ್ಮ ಹಣ್ಣು ತಂದು, ನಮ್ಮ ಯಂತ್ರಗಳಲ್ಲೇ ಡಬ್ಬಿಗೆ ತುಂಬಿಕೊಂಡು ಹೋಗಬಹುದಿತ್ತು.

ಗುಬ್ಬಿ ಕಡೆಯ ರತ್ನಮ್ಮ ನಾಲ್ವರು ಹೆಂಗಸರ ಜೊತೆ ಹಲಸಿನ ಹಣ್ಣು ತಂದರು. ಆಕೆಯ ಹೊಲದ ಬದುವಿನಲ್ಲಿ ಎರಡು ದೊಡ್ಡ ಹಲಸಿನ ಮರಗಳಿದ್ದವು. ಗಂಡ ಸಿದ್ದಪ್ಪ ಅವನ್ನು ಮರ ಕೊಯ್ಯುವ ಸಾಮಿಲ್ಲಿಗೆ ಮಾರುವ ಮಾತಾಡಿದ್ದರು.

"ಹಣ್ಣು ಮಾರಾಟ ಆಯ್ತದೆ ಅಂತ ತೋರ್ಸು, ಮರ ಬುಡ್ತೀನಿ ಅಂದವ್ರೆ ಮೇಡಮ್ಮೋರೆ" ಎಂದರು ರತ್ನಮ್ಮ.

ಕುಣಿಗಲ್ಲಿನಲ್ಲಿ ಬೇಕರಿ ಇಟ್ಟಿದ್ದ ರಹಮತ್ ಸಾಹೇಬರು, ಕೇಂದ್ರದ ಪರೀಕ್ಷೆಯಲ್ಲಿ ಪಾಸಾದರೆ ಕೊಳ್ಳುವುದಾಗಿ ಒಪ್ಪಿದ್ದರು. ತೊಳೆಗಳನ್ನು ಸಕ್ಕರೆ ಪಾಕ ಮತ್ತು ಸಿಟ್ರಿಕ್ ಆಸಿಡ್ ಜೊತೆ ಡಬ್ಬಿಗೆ ತುಂಬಿ, ಯಂತ್ರದಲ್ಲಿ ಮುಚ್ಚಿ, ಕುದಿಸಿದೆವು. ಆಮೇಲೆ ಇನ್‌ಕ್ಯುಬೇಟರಿನಲ್ಲಿಟ್ಟೆವು. ಅದು ಒಂದೇ ಸಮನಾದ ಬಿಸಿ ಕೊಡುವ ಕಪಾಟು. ಕೆಡುವ ಡಬ್ಬಿ ಅಲ್ಲಿ ಬೇಗ ಕೆಡುತ್ತದೆ.

ಫಲಿತಾಂಶ ನೋಡಲು ಎಲ್ಲರೂ ಬಂದಿದ್ದ ದಿನ ನಾನು ಕಪಾಟಿನ ಬಾಗಿಲು ತೆಗೆದೆ. ಹಲವು ಡಬ್ಬಿಗಳು ಉಬ್ಬಿದ್ದವು. ಒಂದನ್ನು ಎತ್ತಿ ಮೇಜಿನ ಮೇಲೆ ಇಡುವಷ್ಟರಲ್ಲಿ ಅದು ಸಿಡಿಯಿತು. ಮುಚ್ಚಳ ನನ್ನ ಕಿವಿಯ ಪಕ್ಕ ಹಾದು ಗೋಡೆಗೆ ಬಡಿಯಿತು. ಹುಳಿತ ಪಾಕ ಮುಖಕ್ಕೆಲ್ಲ ಚಿಮ್ಮಿತು. ಪೆಟ್ಟಾಗಲಿಲ್ಲ. ಆದರೆ ಬೇಕರಿಯ ಗಲ್ಲಾದ ಮುಂದೆ ನಿಲ್ಲುವ ಮಕ್ಕಳ ಮುಖ ನನ್ನ ಕಣ್ಣ ಮುಂದೆ ಬಂತು.

"ಅಲ್ಲಾ, ಇದು ನನ್ ಅಂಗ್ಡೀಲಿ ಆಗಿದ್ರೆ?" ಎಂದರು ಸಾಹೇಬರು.

ಸಿದ್ದಪ್ಪ ನಕ್ಕರು. "ನಿನ್ ಡಬ್ಬಿ ಬಸ್ರಿ ಆಗವೆ ಕಣೇ ರತ್ನಿ! ಸಾಮಿಲ್ನೋನಿಗೆ ನಾಳೇನೇ ಬಾ ಅಂತೀನಿ."

"ಇನ್ನೊಂದು ಸಲ ತುಂಬೋಣ, ಅಲ್ಲೀವರೆಗೆ ತಡೀರಿ" ಎಂದೆ. ಗೊಣಗುತ್ತಲೇ ಒಪ್ಪಿದರು.

ಉಬ್ಬಿದ ಡಬ್ಬಿಗಳನ್ನು ಒಂದೊಂದಾಗಿ ಲೆನ್ಸಿನಲ್ಲಿ ನೋಡಿದೆ. ಮುಚ್ಚಳದ ಅಂಚೂ ಡಬ್ಬಿಯ ಅಂಚೂ ಸೇರಿ ಮಡಚಿಕೊಳ್ಳುವ ಜಾಗಕ್ಕೆ ಸೀಮ್ ಎನ್ನುತ್ತಾರೆ. ಎಲ್ಲ ಡಬ್ಬಿಗಳಲ್ಲೂ ಸೀಮ್ ಸುತ್ತಿನ ಒಂದು ಭಾಗದಲ್ಲಿ ಸಡಿಲವಾಗಿತ್ತು; ಅಲ್ಲಿಂದ ಕೀಟಾಣು ಒಳಹೊಕ್ಕು ಹಣ್ಣು ಹುಳಿಬಂದು ಡಬ್ಬಿ ಉಬ್ಬಿತ್ತು. ಆದರೆ ಅದೇ ಯಂತ್ರದಲ್ಲಿ ಮುಚ್ಚಿದ ಅನಾನಸ್, ಮಾವು ಒಂದೂ ಕೆಟ್ಟಿರಲಿಲ್ಲ.

ಹೆಂಗಸರು ಮತ್ತೆ ಹಣ್ಣು ತಂದಾಗ, "ಹೋದ ಸಲ ಹೇಗೆ ಮಾಡಿದಿರೋ ಹಾಗೇ ಮಾಡಿ" ಎಂದು ಹೇಳಿ ಯಂತ್ರದ ಪಕ್ಕ ನಿಂತೆ. ಮೊದಲ ಡಬ್ಬಿಗಳು ಸರಿಯಾಗಿ ಮುಚ್ಚಿಕೊಂಡವು. ಆಮೇಲೊಂದು ಡಬ್ಬಿ ಬಂತು. ಮುಚ್ಚಳವನ್ನು ಮೇಲಿನಿಂದ ಅದುಮಿ ಹಿಡಿದು ತಿರುಗಿಸುವ ಬಿಲ್ಲೆಗೆ ಚಕ್ ಎಂದು ಹೆಸರು. ಚಕ್ ತಿರುಗುತ್ತಿತ್ತು, ಡಬ್ಬಿ ಮಾತ್ರ ಅರೆಗಳಿಗೆ ನಿಂತು ಮತ್ತೆ ತಿರುಗಿತು. ಚಕ್ಕನ್ನು ಮುಟ್ಟಿದೆ. ಬೆರಳು ಜಾರಿತು.

"ರತ್ನಮ್ಮಾ, ಕೈ ತೋರ್ಸಿ!"

ಅಂಗೈ ತುಂಬ ಕೊಬ್ಬರಿ ಎಣ್ಣೆ.

"ಇದೇನ್ ಹಿಂಗಂತೀರಿ, ಎಣ್ಣೆ ಹಚ್ಕೊಳ್ದೆ ಹಲಸು ಬಿಡ್ಸಕಾಯ್ತದಾ? ಅಂಟು ಮೂರ್ ದಿನ ಹೋಗಾಕಿಲ್ಲ" ಎಂದರು.

ಅದೇ ಕೈಯಲ್ಲಿ ಮುಚ್ಚಳ ಹಾಕಿ ಒತ್ತುತ್ತಿದ್ದರು. ಮುಚ್ಚಳದ ಎಣ್ಣೆ ಚಕ್ಕಿಗೆ ಹತ್ತಿ, ಅದು ಜಾರಿದಲ್ಲೆಲ್ಲ ಸೀಮ್ ಅರ್ಧಕ್ಕೆ ನಿಲ್ಲುತ್ತಿತ್ತು. ನಾನು ಕೂಗಿಕೊಂಡೆನಂತೆ, ಪಕ್ಕದ ಕೋಣೆಯವರು ಇನ್ನೊಂದು ಡಬ್ಬಿ ಸಿಡಿಯಿತೆಂದು ಓಡಿ ಬಂದರು. ರತ್ನಮ್ಮ ನನಗಿಂತ ಜೋರಾಗಿ ನಗುತ್ತಿದ್ದರು.

ಆ ತನಕ ಮುಚ್ಚಿದ್ದನ್ನೆಲ್ಲ ಪಕ್ಕಕ್ಕಿಟ್ಟೆವು. ಚಕ್ಕನ್ನು ಸ್ಪಿರಿಟಿನಲ್ಲಿ ಒರೆಸಿದೆ. ಹಣ್ಣು ಬಿಡಿಸುವವರು ಇಬ್ಬರು, ಎಣ್ಣೆ ಮುಟ್ಟದೆ ತುಂಬಿ ಮುಚ್ಚುವವರು ಮೂವರು ಎಂದು ಹಂಚಿಕೊಂಡೆವು.

ಈ ಸಲ ಕಪಾಟು ತೆರೆಯುವಾಗ ನಾನು ಮುಖ ಹಿಂದಕ್ಕೆ ಎಳೆದುಕೊಂಡಿದ್ದೆ. ಒಂದು ಡಬ್ಬಿಯೂ ಉಬ್ಬಿರಲಿಲ್ಲ. ಪ್ರಯೋಗಾಲಯದ ತಪಾಸಣೆಯೂ ಮುಗಿದ ಮೇಲೆ ಸಾಹೇಬರು ಒಂದನ್ನು ತೆರೆದು ತಿಂದು, "ಇರೋದೆಲ್ಲ ನನಗೇ" ಎಂದರು. ಸಿದ್ದಪ್ಪ ಒಂದು ತೊಳೆ ತಿಂದರು, ಇನ್ನೊಂದಕ್ಕೆ ಕೈ ಹಾಕಿದರು.

"ತಿಂದಿದ್ ಸಾಕು. ಸಾಮಿಲ್ನೋನಿಗೆ ಏನಂತೀರಿ?" ಎಂದು ರತ್ನಮ್ಮ ಕೇಳಿದರು.

"ಏನನ್ನಾದು? ನಮ್ ಮರ ನೌಕರಿಗೆ ಸೇರವೆ, ರಜ ಇಲ್ಲ ಅಂತೀನಿ."

ಆ ವರ್ಷದಿಂದ, ಯಾರಿಗೇ ಆಗಲಿ ಯಂತ್ರ ನಡೆಸಲು ಕಲಿಸುವ ಮುಂಚೆ ನಾನು ಅವರ ಮನೆಗೆ ಹೋಗಿ, ಅವರು ತಮ್ಮ ಹಣ್ಣನ್ನು ಹೇಗೆ ಹೆಚ್ಚುತ್ತಾರೆಂದು ಕೂತು ನೋಡುತ್ತಿದ್ದೆ.