ಕಾಂಪೌಂಡರ್ ಕೈಬರಹವೂ ಕತ್ತರಿಯಕ್ಕನೂ

ಕತ್ತರಿಯಕ್ಕ ಎಂಬ ಹೆಸರು ಆಕೆಗೆ ಅಂಟಿಕೊಂಡದ್ದು ಇಪ್ಪತ್ತಾರನೆಯ ವಯಸ್ಸಿನಲ್ಲಿ. ಈಗ ಅರವತ್ತೆಂಟು. ಇಟ್ಟವರು ನಾಟಕ ಬರೆಯುವ ಕಾಂಪೌಂಡರ್. ಸಿಟ್ಟಿನಲ್ಲಿ ಇಟ್ಟ ಹೆಸರು ಅದು. ಆಕೆ ಪಾತ್ರ ಮಾಡುತ್ತಿದ್ದ ನಾಟಕ ತಂಡದವರು ಅದನ್ನು ಪ್ರೀತಿಯಿಂದ ಕರೆಯತೊಡಗಿದರು. ಆಕೆಗೋ ಒಳಗೊಳಗೇ ಖುಷಿ, ಮೇಲೆ ಮಾತ್ರ ಮೂಗು ಮುರಿಯುವ ಅಭ್ಯಾಸ.

ಕಾಂಪೌಂಡರ್ ಔಷಧಿ ಅಂಗಡಿಯಲ್ಲಿ ಮಾತ್ರೆ ಎಣಿಸಿ ಕೊಡುತ್ತಿದ್ದ ಸಭ್ಯ ಮನುಷ್ಯ. ಅಂಗಡಿಯಲ್ಲಿ "ಊಟಕ್ಕೆ ಮುಂಚೆ ಒಂದು, ಆಮೇಲೆ ಒಂದು" ಎಂಬುದಕ್ಕಿಂತ ಹೆಚ್ಚು ಮಾತಾಡಿದವರಲ್ಲ. ಅಲ್ಲಿ ಉಳಿಸಿದ ಮಾತನ್ನೆಲ್ಲ ನಾಟಕದಲ್ಲಿ ಸುರಿಯುತ್ತಿದ್ದರು. ಅವರ ನಾಟಕದಲ್ಲಿ ಬಾಗಿಲು ತಟ್ಟಿದವನು, ತಾನು ಏಕೆ ತಟ್ಟಿದೆ ಎಂದು ಒಂದು ಪುಟ ವಿವರಿಸದೆ ಒಳಗಿದ್ದವರು ಬಾಗಿಲು ತೆಗೆಯುವಂತಿರಲಿಲ್ಲ. ಸಾಯುವ ಪಾತ್ರವಾದರೆ ಎರಡೂವರೆ ಪುಟ ಮಾತಾಡಿಯೇ ಸಾಯಬೇಕು. ಅಷ್ಟು ಹೊತ್ತು ಮಾತಾಡುವ ಶಕ್ತಿ ಇರುವವನು ಸಾಯುವುದಾದರೂ ಯಾಕೆ ಎಂದು ಒಬ್ಬ ನಟ ಒಮ್ಮೆ ಕೇಳಿ, ಪಾತ್ರ ಕಳೆದುಕೊಂಡಿದ್ದ.

ಇನ್ನು ಅಕ್ಷರ. ದಿನವಿಡೀ ಡಾಕ್ಟರುಗಳ ಚೀಟಿ ಓದಿ ಓದಿ ಅವರ ಬರಹಕ್ಕೂ ಅದೇ ರೋಗ ತಗುಲಿತ್ತು. ಬರೆದು ವಾರ ಕಳೆದರೆ ಸ್ವತಃ ಅವರಿಗೇ ಅದು ಏನೆಂದು ತಿಳಿಯುತ್ತಿರಲಿಲ್ಲ. ಲೋಕದಲ್ಲಿ ಅದನ್ನು ಓದಬಲ್ಲ ಜೀವ ಒಂದೇ, ಅದು ಕತ್ತರಿಯಕ್ಕ. ಹೇಗೆ ಬಂತು ಈ ವಿದ್ಯೆ ಎಂದು ಕೇಳಿದರೆ, "ಅಕ್ಷರ ನೋಡಲ್ಲ, ಆ ಮನುಷ್ಯ ಏನು ಹೇಳೋಕೆ ಹೊರಟಿರಬಹುದು ಅಂತ ನೋಡ್ತೀನಿ" ಎನ್ನುತ್ತಿದ್ದಳು.

ಹಾಗಾಗಿ ಹೊಸ ನಾಟಕದ ಕಟ್ಟು ಮೊದಲು ಬರುತ್ತಿದ್ದುದು ಆಕೆಯ ಮನೆಗೆ. ಆಕೆ ಅದನ್ನು ಚೊಕ್ಕ ಅಕ್ಷರದಲ್ಲಿ ನಕಲು ಮಾಡಿ ತಂಡಕ್ಕೆ ಕೊಡಬೇಕು. ನಕಲು ಮಾಡುವಾಗಲೇ ಕತ್ತರಿ ಆಡುತ್ತಿತ್ತು. ಆಕೆ ಯಾವುದನ್ನೂ ಹೊಡೆದುಹಾಕುತ್ತಿರಲಿಲ್ಲ. ಬೇಡವಾದದ್ದನ್ನು ಬರೆಯುತ್ತಲೇ ಇರಲಿಲ್ಲ, ಅಷ್ಟೇ. ಆಕೆಗೆ ಹೊಟ್ಟೆಪಾಡಿನ ಕೆಲಸ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ. ಟ್ರಂಕ್ ಕಾಲಿನ ಕಾಲ ಅದು. ಕಿವಿಗೆ ಯಂತ್ರ ಸಿಕ್ಕಿಸಿಕೊಂಡು ಕೂತು, ಮೂರು ನಿಮಿಷ ಆದೊಡನೆ "ಸಮಯ ಮುಗೀತು" ಎಂದು ಎಚ್ಚರಿಸಿ ಲೈನು ಕೀಳುವುದು. ಮದುವೆ ಮುರಿದುಬಿದ್ದ ಸುದ್ದಿಯನ್ನೂ, ಮಗು ಹುಟ್ಟಿದ ಸುದ್ದಿಯನ್ನೂ ಜನ ಮೂರು ನಿಮಿಷದಲ್ಲಿ ಮುಗಿಸಿದ್ದನ್ನು ಕೇಳಿದವಳಿಗೆ, ನಾಟಕದ ರಾಜ ಮಳೆಯ ಬಗ್ಗೆ ಎಂಟು ನಿಮಿಷ ಮಾತಾಡುವುದು ಹೇಗೆ ಸಹ್ಯವಾದೀತು?

ತಾಲೀಮು ನಡೆಯುತ್ತಿದ್ದುದು ಒಂದು ಹಳೆಯ ಪೀಠೋಪಕರಣ ಮಳಿಗೆಯ ಮಹಡಿಯಲ್ಲಿ. ಮಾರಾಟವಾಗದ ಕುರ್ಚಿಗಳೇ ಪ್ರೇಕ್ಷಕರು. ಮೊದಲ ದಿನದ ಓದು ನಡೆಯುವಾಗ ಕಾಂಪೌಂಡರ್ ಕಣ್ಣು ಮುಚ್ಚಿ ಕೂತಿರುತ್ತಿದ್ದರು. ಎಲ್ಲೋ ಒಂದು ಕಡೆ ಹುಬ್ಬು ಗಂಟಿಕ್ಕುತ್ತಿತ್ತು.

"ನಿಲ್ಸಿ. ಇಲ್ಲೇನೋ ಇತ್ತು."

"ಏನಿತ್ತು ಹೇಳಿ," ಎನ್ನುತ್ತಿದ್ದಳು ಅಕ್ಕ.

"ಏನು ಅಂತ ನೆನಪಿಲ್ಲ. ಚೆನ್ನಾಗಿತ್ತು ಅನ್ನೋದು ನೆನಪಿದೆ."

ಅಲ್ಲಿಗೆ ಜಗಳ ಶುರು. ಆ ಜಗಳಕ್ಕೆ ತಂಡದಲ್ಲಿ ಒಂದು ಕಾಯಿದೆಯೇ ಇತ್ತು. ಕಾಂಪೌಂಡರ್ ತಕರಾರು ಎತ್ತಿದರೆ, ಬಿಟ್ಟ ಭಾಗವನ್ನು ಅಕ್ಕ ಮೂಲದಿಂದ ಎಲ್ಲರ ಮುಂದೆ ಗಟ್ಟಿಯಾಗಿ ಓದಬೇಕು. ಓದಲು ಬೇರೆ ಯಾರಿಗೂ ಬರುವುದಿಲ್ಲವಲ್ಲ. ಆಮೇಲೆ ತಂಡ ಕೈ ಎತ್ತಬೇಕು. ಬೇಕು ಎಂದರೆ ಸೇರಿಸುವುದು, ಬೇಡ ಎಂದರೆ ಕಾಂಪೌಂಡರ್ ಬಾಯಿ ಮುಚ್ಚಿಕೊಳ್ಳುವುದು. ಹತ್ತರಲ್ಲಿ ಏಳು ಸಲ ಅಕ್ಕನೇ ಗೆಲ್ಲುತ್ತಿದ್ದಳು. ಸೋತ ಮೂರು ಸಲ, ಕಾಂಪೌಂಡರ್ ಆ ಭಾಗ ಬಂದಾಗಲೆಲ್ಲ ಆಕೆಯ ಕಡೆ ತಿರುಗಿ ನಗುವುದನ್ನು ಪ್ರಯೋಗ ಮುಗಿಯುವ ತನಕ ಸಹಿಸಿಕೊಳ್ಳಬೇಕಾಗುತ್ತಿತ್ತು.

ಹಾಗೆಂದು ಹೊರಗಿನವರು ಯಾರಾದರೂ ಕಾಂಪೌಂಡರ್ ನಾಟಕಕ್ಕೆ ಒಂದು ಮಾತು ಅನ್ನಲಿ ನೋಡೋಣ! "ಸ್ವಲ್ಪ ಉದ್ದ ಆಯ್ತು" ಎಂದ ಸ್ಪರ್ಧೆಯ ತೀರ್ಪುಗಾರನನ್ನು ಆಕೆ ಮೆಟ್ಟಿಲ ಮೇಲೆಯೇ ತಡೆದು, "ನಾಟಕ ಉದ್ದ ಅಲ್ಲ ಸ್ವಾಮಿ, ನಿಮ್ಮ ತಾಳ್ಮೆ ಗಿಡ್ಡ" ಎಂದಿದ್ದಳು. ರಜೆ ಸಿಕ್ಕಾಗಲೆಲ್ಲ ಕೈಚೀಲದಲ್ಲಿ ನಕಲು ಪ್ರತಿ ತುಂಬಿಕೊಂಡು ಬಸ್ಸು ಹತ್ತಿ, ಊರೂರಿನ ತಂಡಗಳ ಬಾಗಿಲು ತಟ್ಟುತ್ತಿದ್ದಳು. ಈ ತಂಡಕ್ಕೆ ಆ ತಂಡದವರು ಕೇಳಿದ್ದಾರೆ ಎಂದು, ಆ ತಂಡಕ್ಕೆ ಈ ತಂಡದವರು ಕಾಯ್ತಿದ್ದಾರೆ ಎಂದು, ಕಣ್ಣು ಮಿಟುಕಿಸದೆ ಸುಳ್ಳು ಹೇಳಿ ಎರಡೂ ಕಡೆ ನಾಟಕ ಆಡಿಸುತ್ತಿದ್ದಳು. ಪತ್ರಿಕೆಗಳಿಗೆ "ಒಬ್ಬ ಪ್ರೇಕ್ಷಕ", "ಇನ್ನೊಬ್ಬ ಪ್ರೇಕ್ಷಕ" ಎಂಬ ಹೆಸರಿನಲ್ಲಿ ಹೊಗಳಿಕೆಯ ಪತ್ರ ಬರೆಯುತ್ತಿದ್ದಳು. ಒಮ್ಮೆ ಆ ಇಬ್ಬರು ಪ್ರೇಕ್ಷಕರೂ ಒಂದೇ ಪುಟದಲ್ಲಿ ಪರಸ್ಪರ ಒಪ್ಪಿಕೊಂಡು ಬರೆದದ್ದು ಅಚ್ಚಾಗಿ, ಆಕೆಯ ಗಂಡ ವಾರವಿಡೀ ನಕ್ಕ.

ಆಕೆಯ ನಲವತ್ತನೆಯ ವರ್ಷದಲ್ಲಿ ಬಂತು ಒಂಬತ್ತನೆಯ ನಾಟಕ. ಅದರಲ್ಲೊಬ್ಬ ಮುದುಕಿ. ಮನೆಯನ್ನು ಮಗಳ ಕೈಗೆ ಒಪ್ಪಿಸಿ, ದೂರದ ತಮ್ಮನ ಮನೆಗೆ ಹೊರಡುತ್ತಾಳೆ. ಕೊನೆಯ ದೃಶ್ಯದಲ್ಲಿ ಹೊಸ್ತಿಲಲ್ಲಿ ನಿಂತು ನಾಲ್ಕು ಪುಟ ಮಾತಾಡುತ್ತಾಳೆ. ಆ ಮುದುಕಿ ಯಾರೆಂದು ಕತ್ತರಿಯಕ್ಕನಿಗೆ ಎರಡನೆಯ ಸಾಲಿಗೇ ಗೊತ್ತಾಯಿತು. ಅದು ಆಕೆಯ ಅಮ್ಮ. ಮಗಳ ಜೊತೆಗೇ ಇದ್ದ ಅಮ್ಮ, ದಿನಾ ಸಂಜೆ ತಾಲೀಮಿಗೆ ಬಂದು ಹಿಂದಿನ ಕುರ್ಚಿಯಲ್ಲಿ ಕೂತು, ಅಳುವ ಕಡೆ ನಕ್ಕು, ನಗುವ ಕಡೆ ತೂಕಡಿಸಿ, ಬಿಡುವು ಸಿಕ್ಕಾಗ ಕಾಂಪೌಂಡರ್‌ಗೆ ಮಂಡಿನೋವಿನಿಂದ ಹಿಡಿದು ಅಡಿಗೆಮನೆ ಕಿಟಕಿಯ ತನಕ ವರದಿ ಒಪ್ಪಿಸುತ್ತಿದ್ದ ಅಮ್ಮ. ಕಾಂಪೌಂಡರ್ ಹೂಂಗುಟ್ಟುತ್ತ ಎಲ್ಲವನ್ನೂ ಕದ್ದಿದ್ದರು.

ಕಟ್ಟು ಮನೆಗೆ ಬಂದ ಹತ್ತನೆಯ ದಿನ ಅಮ್ಮ ತೀರಿಕೊಂಡಳು. ಬೆಳಿಗ್ಗೆ ಎದ್ದು ಟೀ ಕುಡಿದು, "ಸಕ್ಕರೆ ಕಮ್ಮಿ" ಎಂದು, ಮತ್ತೆ ಮಲಗಿದವಳು ಏಳಲಿಲ್ಲ.

ಮೂರು ವಾರದ ಮೇಲೆ ಅಕ್ಕ ನಕಲಿಗೆ ಕೂತಳು. ಕೊನೆಯ ದೃಶ್ಯದ ತನಕ ಕೈ ಸರಾಗವಾಗಿ ಓಡಿತು. ಅಲ್ಲಿಗೆ ಬಂದಾಗ ನಿಂತುಹೋಯಿತು. ಮುದುಕಿಯ ಪಾತ್ರ ಮಾಡಬೇಕಾದವಳೂ ಆಕೆಯೇ. ಇದನ್ನು ಬರೆಯುವುದು ಒಂದು, ದಿನಾ ಸಂಜೆ ಬಾಯಿಬಿಟ್ಟು ಆಡುವುದು ಇನ್ನೊಂದು. ಎರಡು ದಿನ ಹಾಳೆ ಮುಂದಿಟ್ಟುಕೊಂಡು ಕೂತವಳು, ಮೂರನೆಯ ದಿನ ನಾಲ್ಕು ಪುಟವನ್ನೂ ಮಗುಚಿಟ್ಟು, ಆ ಜಾಗದಲ್ಲಿ ತನ್ನದೇ ಒಂದು ಸಾಲು ಬರೆದಳು: "ನಾನು ಬರ್ತೀನಿ. ಬಾಗಿಲು ಹಾಕ್ಕೊ."

ಅಷ್ಟು ವರ್ಷದ ಕತ್ತರಿಯೆಲ್ಲ ನಾಟಕಕ್ಕಾಗಿ ಆಡಿತ್ತು. ಇದೊಂದು ಮಾತ್ರ ತನಗಾಗಿ. ಅದು ಆಕೆಗೆ ಚೆನ್ನಾಗಿ ಗೊತ್ತಿತ್ತು, ನಾಚಿಕೆಯೂ ಆಗಿತ್ತು.

ಮೊದಲ ಓದಿನ ದಿನ ಅಕ್ಕ ಕಾಂಪೌಂಡರ್ ಹುಬ್ಬನ್ನೇ ನೋಡುತ್ತ ಕೂತಳು. ಕಾಂಪೌಂಡರ್ ಎಂದಿನಂತೆ ಕಣ್ಣು ಮುಚ್ಚಿ ಕೂತಿದ್ದರು. ಆ ಸಾಲು ಬಂತು, ಹೋಯಿತು. ಅವರ ಹುಬ್ಬು ಅಲುಗಲಿಲ್ಲ. "ಸರಿ, ನಾಳೆ ಸಿಗೋಣ" ಎಂದು ಎದ್ದು ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಟ್ಟರು. ಮರೆತಿದ್ದಾರೆ ಎಂದುಕೊಂಡಳು ಅಕ್ಕ. ಬದುಕಿದೆ ಅನ್ನಿಸಿತು. ನಾಲ್ಕು ಪುಟ ಬರೆದು ಮರೆಯುವ ಮನುಷ್ಯನ ಮೇಲೆ ಸಿಟ್ಟೂ ಬಂತು.

ಆ ಸಾಲು ನಾಟಕವನ್ನು ಎತ್ತಿ ನಿಲ್ಲಿಸಿತು. ಆಕೆ ಅದನ್ನು ಹೇಳಿ ಬೆನ್ನು ತಿರುಗಿಸಿ ನಡೆದರೆ ಸಭಾಂಗಣದಲ್ಲಿ ಕೆಮ್ಮು ಕೂಡ ಕೇಳುತ್ತಿರಲಿಲ್ಲ. ವಿಮರ್ಶಕರು "ಮಾತಿನ ಮಿತಿ" ಎಂದು ಬರೆದರು. ಕಾಂಪೌಂಡರ್‌ಗೆ ದೊಡ್ಡದೊಂದು ಪ್ರಶಸ್ತಿ ಬಂತು. ಅದನ್ನು ಸ್ವೀಕರಿಸಿ ಅವರು ಮಾತಿನ ಮಿತಿಯ ಬಗ್ಗೆ ನಲವತ್ತು ನಿಮಿಷ ಮಾತಾಡಿದರು.

ಇಪ್ಪತ್ತೆಂಟು ವರ್ಷ ಕಳೆಯಿತು. ಕಾಂಪೌಂಡರ್ ಕಣ್ಣು ಮಂಜಾಯಿತು, ಔಷಧಿ ಅಂಗಡಿ ಬೇರೆಯವರ ಕೈ ಸೇರಿತು. ಆಗ ಬಂದಳು ಒಬ್ಬ ಅಧ್ಯಾಪಕಿ. ಚುರುಕು ಹುಡುಗಿ, ಕಾಂಪೌಂಡರ್ ನಾಟಕಗಳ ಮೇಲೆಯೇ ಸಂಶೋಧನೆ ಮಾಡಿದವಳು. ಅದರಲ್ಲಿ ನಲವತ್ತು ಪುಟ ಆ ಒಂದು ಸಾಲಿನ ಮೇಲೆಯೇ. ಸಮಗ್ರ ನಾಟಕಗಳನ್ನು ಮೂಲ ಹಸ್ತಪ್ರತಿಯಿಂದ, ಒಂದಕ್ಷರ ಬಿಡದೆ ಅಚ್ಚು ಹಾಕಿಸಬೇಕೆಂಬುದು ಅವಳ ಹಟ. ಹಸ್ತಪ್ರತಿಗಳನ್ನು ಕಂಡ ಮೇಲೆ ಅವಳ ಮುಖ ಬಾಡಿತು.

"ಇದು ಯಾವ ಲಿಪಿ ಸರ್?"

"ನಂಗೇನು ಗೊತ್ತಮ್ಮ? ಅವಳನ್ನ ಕೇಳು," ಎಂದರು ಕಾಂಪೌಂಡರ್.

ಹೀಗೆ ಪ್ರತಿ ಬೆಳಿಗ್ಗೆ ಕಾಂಪೌಂಡರ್ ಮನೆಯ ಮುಂದಿನ ಕೋಣೆಯಲ್ಲಿ ಓದು ಶುರುವಾಯಿತು. ಔಷಧಿಯ ರಟ್ಟಿನ ಪೆಟ್ಟಿಗೆಗಳಿಂದ ಕಟ್ಟು ತೆಗೆದು ಅಕ್ಕ ಓದುವಳು, ಅಧ್ಯಾಪಕಿ ಧ್ವನಿ ಹಿಡಿದುಕೊಳ್ಳುವಳು, ಆರಾಮಕುರ್ಚಿಯಲ್ಲಿ ಕಾಂಪೌಂಡರ್ ಹಬ್ಬದೂಟ ಉಣ್ಣುವವರ ಹಾಗೆ ಕೂತು ಕೇಳುವರು.

"ಇದನ್ನ ತೆಗೆದಿದ್ದೆಯಾ? ಮನುಷ್ಯತ್ವ ಇದೆಯೇನೇ ನಿಂಗೆ?"

"ಇದ್ದಿದ್ದಕ್ಕೇ ತೆಗೆದೆ. ಪ್ರೇಕ್ಷಕರೂ ಮನುಷ್ಯರೇ ತಾನೇ?"

ಎಂಟು ನಾಟಕ ಹೀಗೆ ನಗುನಗುತ್ತ ಮುಗಿಯಿತು. ನಾಳೆ ಒಂಬತ್ತನೆಯದು ಎಂದಾಗ ಅಕ್ಕನಿಗೆ ಊಟ ಸೇರಲಿಲ್ಲ. ಓದಿದರೆ, ಕಾಂಪೌಂಡರ್‌ಗೆ ಹೆಸರು ತಂದ ಸಾಲು ಅವರದಲ್ಲ ಎಂಬುದು ಬಯಲಾಗುತ್ತದೆ. ಎಂಬತ್ತರ ಹತ್ತಿರ ಬಂದ ಮನುಷ್ಯನ ತಲೆಯಿಂದ ಕಿರೀಟ ಕಿತ್ತಂತೆ. ಹುಡುಗಿಯ ನಲವತ್ತು ಪುಟ ನೀರುಪಾಲು. ಬಿಟ್ಟು ಓದಿದರೆ ಕೇಳುವವರಿಲ್ಲ. ಆ ಕೋಣೆಯಲ್ಲಿ ಒಬ್ಬರಿಗೆ ಕಣ್ಣು ಕಾಣದು, ಇನ್ನೊಬ್ಬಳಿಗೆ ಅಕ್ಷರ ತಿಳಿಯದು. ಆದರೆ ಬಿಟ್ಟರೆ ಅಮ್ಮ ಆ ನಾಲ್ಕು ಪುಟದಲ್ಲೇ ಉಳಿದುಹೋಗುತ್ತಾಳೆ. ತಾನು ಸತ್ತ ಮೇಲೆ ಅದನ್ನು ಓದುವ ಕಣ್ಣೇ ಇರುವುದಿಲ್ಲ. ಬೆಳಿಗ್ಗೆ ಬಸ್ಸಿನಲ್ಲಿ ಕೂತಾಗಲೂ ತೀರ್ಮಾನ ಆಗಿರಲಿಲ್ಲ.

ಕೊನೆಯ ದೃಶ್ಯ ಬಂತು. ಅಧ್ಯಾಪಕಿ ಖುಷಿಯಿಂದ ಮುಂದಕ್ಕೆ ಸರಿದು ಕೂತಳು, ತನ್ನ ಪ್ರೀತಿಯ ಸಾಲು ಈಗ ಬರುತ್ತದೆಂದು. ಅಕ್ಕ ಹಾಳೆ ನೋಡಿದಳು. ಅಮ್ಮನನ್ನು ಎರಡನೆಯ ಸಲ ಮಗುಚಿಡಲು ಕೈ ಬರಲಿಲ್ಲ.

"ಇಲ್ಲಿ ನೀನು ಕಾಯ್ತಿರೋ ಸಾಲು ಇಲ್ಲಮ್ಮ," ಎಂದಳು. "ಅದು ನಂದು. ಇವರು ಬರೆದಿದ್ದು ಇದು." ಓದತೊಡಗಿದಳು.

"ಅಡಿಗೆಮನೆ ಕಿಟಕಿ ಎಳೀಬೇಡ, ಬಲಗಡೆ ಒತ್ತು, ತಾನೇ ಬರತ್ತೆ. ಗುಂಡಿಗಳೆಲ್ಲ ಬಿಸ್ಕೆಟ್ ಡಬ್ಬೀಲಿವೆ. ಬಿಸ್ಕೆಟ್ಟು ಗುಂಡಿ ಡಬ್ಬೀಲಿದೆ, ನೀನು ಕದೀತೀಯ ಅಂತ ಇಟ್ಟಿದ್ದು. ಸಿಟ್ಟು ಬಂದ್ರೆ ಊಟ ಬಿಡ್ತೀಯಲ್ಲ, ಬಿಡಬೇಡ. ಊಟ ಆದ ಮೇಲೂ ಸಿಟ್ಟು ಅಲ್ಲೇ ಇರತ್ತೆ, ಎಲ್ಲೂ ಹೋಗಲ್ಲ..."

ಅಧ್ಯಾಪಕಿ ನಕ್ಕಳು, ಆಮೇಲೆ ನಗು ನಿಲ್ಲಿಸಿದಳು. ಮೂರು ಪುಟ ಅಕ್ಕನ ದನಿ ನೆಟ್ಟಗೆ ನಡೆಯಿತು. ನಾಲ್ಕನೆಯದರ ನಡುವೆ ಅಕ್ಷರ ಕಲಸಿಹೋಯಿತು. ಕನ್ನಡಕ ತೆಗೆದು ಸೆರಗಿನಿಂದ ಒರೆಸಿ ಮತ್ತೆ ಹಾಕಿಕೊಂಡಳು. ಜೀವಮಾನದಲ್ಲಿ ಮೊದಲ ಸಲ ಆ ಬರಹ ಆಕೆಗೂ ಓದಲಾಗಲಿಲ್ಲ.

ಆರಾಮಕುರ್ಚಿಯಿಂದ ದನಿ ಬಂತು. ಮೆಲ್ಲಗೆ, ಒಂದು ಕಡೆಯೂ ತಡವರಿಸದೆ.

"ನನ್ನ ಚಪ್ಪಲಿ ಬಾಗಿಲಲ್ಲಿ ಇಟ್ಟಿರಬೇಡ, ಕಾಲಿಗೆ ತೊಡರತ್ತೆ. ಯಾರಿಗಾದ್ರೂ ಕೊಟ್ಟುಬಿಡು. ನಿನ್ನ ಕಾಲು ನಂದಕ್ಕಿಂತ ದೊಡ್ಡದು, ನಿಂಗೆ ಬರಲ್ಲ. ಹಾಕ್ಕೊಂಡು ನೋಡ್ತಾ ಕೂರಬೇಡ. ಹೊತ್ತಾಯ್ತು. ನನ್ನ ಬಗ್ಗೆ ಯೋಚನೆ ಮಾಡೋದಾದ್ರೆ ಕೆಲಸ ಮುಗಿಸಿಕೊಂಡು ಮಾಡು."

ಅಧ್ಯಾಪಕಿ ಧ್ವನಿಮುದ್ರಣ ನಿಲ್ಲಿಸಿ, "ಪುಸ್ತಕದಲ್ಲಿ ಯಾವುದನ್ನ ಹಾಕಲಿ?" ಎಂದು ಕೇಳಿದಳು.

"ಇದನ್ನೇ ಹಾಕು, ಪೂರ್ತಿ," ಎಂದಳು ಅಕ್ಕ.

"ಅವಳ ಸಾಲನ್ನೂ ಹಾಕು, ಅವಳ ಹೆಸರಲ್ಲಿ," ಎಂದರು ಕಾಂಪೌಂಡರ್. "ನಲವತ್ತು ನಿಮಿಷ ಮಾತಾಡಿದ್ದು ಅದರ ಮೇಲೆ. ಎಲ್ಲಾ ವೇಸ್ಟ್ ಆಗೋದು ಬೇಡ."

ಅಕ್ಕ ಮೂಗು ಒರೆಸಿಕೊಂಡು ಅವರ ಕಡೆ ತಿರುಗಿದಳು. ಆಕೆಯ ದನಿಯಲ್ಲಿ ಹಳೆಯ ಜಗಳದ ಬಿರುಸು ಬಂದಿತ್ತು. "ಬಾಯಿಪಾಠ ಇತ್ತು ನಿಮಗೆ. ಅಂದ್ರೆ ಅವತ್ತೇ ಗೊತ್ತಾಗಿತ್ತು. ಬಾಗಿಲು ತಟ್ಟೋ ಸಾಲಿಗೆಲ್ಲ ಊರು ಒಂದು ಮಾಡ್ತಿದ್ರಿ, ನಾಲ್ಕು ಪುಟ ತಿಂದುಹಾಕಿದ್ರೂ ಯಾಕ್ರೀ ತಕರಾರು ಮಾಡ್ಲಿಲ್ಲ?"

ಕಾಂಪೌಂಡರ್ ಮಂಜುಗಣ್ಣನ್ನು ಆಕೆಯ ದನಿ ಬಂದ ಕಡೆ ತಿರುಗಿಸಿದರು.

"ತಕರಾರು ಮಾಡಿದ್ರೆ ನೀನು ಅದನ್ನ ಎಲ್ಲರ ಮುಂದೆ ಓದಬೇಕಾಗ್ತಿತ್ತಲ್ಲಮ್ಮ," ಎಂದರು.