ಅತ್ತೆ ಮತ್ತೆ ಹೊರಗಾದರು

ನಮ್ಮತ್ತೆಗೆ ದೆವ್ವ ಹಿಡಿದಿರಲಿಲ್ಲ. ಎದೆ ಕೆಟ್ಟಿತ್ತು. ಅದನ್ನು ಬೇವಿನ ಬರಲಿನಲ್ಲಿ ಬಡಿದರು.

ಐವತ್ತರ ದಶಕ ಮುಗಿಯುತ್ತಾ ಬಂದಿತ್ತು. ಬನಶಂಕರಿ ಗುಡಿಯ ಆಚೆ ಆಗ ಬರೀ ಹೊಲ. ಅತ್ತೆ ನಾಲ್ಕು ಎಮ್ಮೆ ಕರೆದು, ಹಾಲಿನ ಬಿಂದಿಗೆ ಹೊತ್ತು, ಜಯನಗರದ ಹೊಸ ಮನೆಗಳಿಗೆ ಹಾಕಿ ಬಂದು ರಾಗಿ ಬೀಸುತ್ತಿದ್ದರು. ತಿಂಗಳಿಗೆ ಮೂರು ದಿನ ಹೊರಗಾದಾಗ ಮಾತ್ರ ಜಗಲಿಯ ಮೂಲೆ. ಆಗ ಎಮ್ಮೆ, ಒಲೆ ಮುಟ್ಟುವಂತಿಲ್ಲ. ಅವರನ್ನೂ ಯಾರೂ ಮುಟ್ಟುವಂತಿಲ್ಲ. ವಯಸ್ಸು ಐವತ್ತರ ಹತ್ತಿರ ಬಂದಾಗ ಅವರಿಗೆ ಮುಟ್ಟು ನಿಂತಿತು. “ಇನ್ಮೇಲೆ ರಜಾ ಇಲ್ಲದ ಎತ್ತು ಇವ್ಳು” ಎಂದು ಮಾವ ನಕ್ಕರು.

ಮೊದಲು ಮೈ ಕಾದು ಬೆವರು ಕಿತ್ತುಕೊಂಡು ಬರುತ್ತಿತ್ತು. ಹೆಂಗಸರಿಗೆ ಅದು ಇದ್ದದ್ದೇ ಎಂದು ಸುಮ್ಮನಿದ್ದೆ. ಆಮೇಲೆ ಹಾಲು ಹೊತ್ತು ಏರು ಹತ್ತುವಾಗ ಉಸಿರು ಸಿಗುತ್ತಿರಲಿಲ್ಲ. ಎದೆ ಹಿಡಿದುಕೊಂಡಿದ್ದರೆ ಗೊತ್ತಾಗುತ್ತಿತ್ತೇನೋ. ಅವರು ಹಿಡಿದುಕೊಳ್ಳುತ್ತಿದ್ದದ್ದು ದವಡೆ.

ಒಂದು ದಿನ ಕೊಟ್ಟಿಗೆಯಲ್ಲಿ ದವಡೆ ಕಚ್ಚಿಕೊಂಡು ಬಿದ್ದರು. ಮಾವ ತಲಘಟ್ಟಪುರದ ಕಡೆಯಿಂದ ದೆವ್ವ ಬಿಡಿಸುವವನನ್ನು ಕರೆತಂದರು.

“ದವ್ಡೆ ಹಿಡ್ದೈತೆ ನೋಡಿ ಗೌಡ್ರೇ. ಜುಟ್ಟು ಹಿಡ್ಕೊಳ್ಳಿ.”

ಮಾವ ಅತ್ತೆಯ ಕೂದಲನ್ನು ಮುಷ್ಟಿಗೆ ಸುತ್ತಿಕೊಂಡರು. ಅವನು ದವಡೆಗೇ ಬಾರಿಸಿದ. ಬೆನ್ನ ಮೇಲೆ ಬರಲು ಮುರಿಯಿತು, ಇನ್ನೊಂದು ತೆಗೆದುಕೊಂಡ.

“ಯಾರೇ ನೀನು? ಬೊಗಳು!”

“ನಾನೇ ಕಣಪ್ಪಾ... ಉಸ್ರು...”

“ನಾನೇ ಅಂತೈತೆ! ಬಲೇ ಕಳ್ಳ ದೆವ್ವ.”

ಅತ್ತೆ ವಾಂತಿ ಮಾಡಿಕೊಂಡರು, ಮಾವ ಅದರಲ್ಲೇ ಅವರ ಮುಖ ಒತ್ತಿದರು. ನಾನು ಒನಕೆ ತಂದು ಅವನ ಮಣಿಕಟ್ಟಿಗೆ ಹಾಕಿದೆ. ಲಟ್ ಅಂತು. ಮಾವ ಎಕ್ಕಡದಲ್ಲಿ ನನ್ನ ಬಾಯಿಗೆ ಹೊಡೆದರು, ಒಂದು ಹಲ್ಲು ಹೋಯಿತು. ಗಂಡ ಬಾಗಿಲಲ್ಲಿ ಕಂಬದ ಹಾಗೆ ನಿಂತಿದ್ದರು. “ಗಾಡಿ ಕಟ್ತೀಯೋ, ನಿನ್ ತಲೆಗೂ ಒಂದ್ ಹಾಕ್ಲೋ?” ಎಂದೆ. ಗಂಡನನ್ನು ಏಕವಚನದಲ್ಲಿ ಮಾತಾಡಿಸಿದ್ದು ಅವತ್ತೇ ಮೊದಲು. ಗಾಡಿ ಕಟ್ಟಿದರು.

ಬಸವನಗುಡಿಯ ಲೇಡಿ ಡಾಕ್ಟರು ಬಾಸುಂಡೆ ನೋಡಿದರು.

“ಯಾರಮ್ಮ ಹೊಡೆದಿದ್ದು?”

“ನಮ್ಮೋರೇ” ಎಂದೆ.

“ಮುಟ್ಟು ಇರೋವರೆಗೂ ಹೆಂಗಸಿನ ಎದೆಗೆ ಮೈಯೊಳಗೇ ಒಂದು ಕಾವಲು ಇರತ್ತೆ. ನಿಂತ ಮೇಲೆ ಅದು ಹೋಗತ್ತೆ, ರಕ್ತನಾಳ ಪೆಡಸಾಗ್ತಾ ಬರತ್ತೆ. ಎದೆಗೆ ರಕ್ತ ಸಾಲದೆ ಹೋದ್ರೆ ಹೀಗೆ ದವಡೆನೂ ನೋಯತ್ತೆ. ಭಾರ ಹೊರಿಸ್ಬೇಡಿ. ಇನ್ನೊಂದ್ಸಲ ಹೊಡೆದ್ರೆ ಹೆಣಾನೇ ತರ್ತೀರಿ.”

ನಾಲಿಗೆ ಕೆಳಗೆ ಇಡಲು ಮಾತ್ರೆ ಕೊಟ್ಟರು. ಇಲ್ಲೇ ಬಿಡಿ ಅಂದರು. ಅತ್ತೆ ಒಪ್ಪಲಿಲ್ಲ. “ಎಮ್ಮೆ ಯಾರ್ ಕರೀತಾರೆ?”

ವಾಪಸ್ಸು ಬಂದಾಗ ಮಾವ ಹೇಳಿದರು: “ದೆವ್ವ ಅರ್ಧ ಬಿಟ್ಟೈತಂತೆ. ನಾಳೆ ಬೆಳಿಗ್ಗೆ ಮತ್ತೆ ಬತ್ತಾನೆ.” ಡಾಕ್ಟರ ಮಾತು ಹೇಳಿದೆ. ನೆಲಕ್ಕೆ ಉಗಿದರು.

ಬೆಳಿಗ್ಗೆ ಮಾವ ಏಳುವ ಮೊದಲೇ ಅತ್ತೆಯನ್ನು ಜಗಲಿಯ ಮೂಲೆಯಲ್ಲಿ ಚಾಪೆ ಹಾಕಿ ಕೂರಿಸಿದೆ, ಪಕ್ಕದಲ್ಲಿ ಬೇರೆ ಚೊಂಬು ಇಟ್ಟೆ. ಬೀದಿಗೆಲ್ಲ ಕೇಳುವ ಹಾಗೆ ಕೂಗಿದೆ: “ಅತ್ತೆ ಹೊರಗಾಗವ್ರೆ!”

“ನಿಂತು ವರ್ಷ ಆಯ್ತಲ್ಲೇ!” ಎಂದರು ಮಾವ.

“ದೆವ್ವ ಅರ್ಧ ಬಿಟ್ಟೈತಲ್ಲ ಮಾವಯ್ಯ, ಅದ್ಕೇ ಮತ್ತೆ ಶುರುವಾಯ್ತು. ನೋಡ್ತೀರಾ?”

ದೆವ್ವ ಬಿಡಿಸುವವನು ಕೈಗೆ ಬಟ್ಟೆ ಸುತ್ತಿಕೊಂಡು ಬಂದ. ಚೊಂಬು ನೋಡಿ ಹತ್ತು ಮಾರು ದೂರದಲ್ಲೇ ನಿಂತ. “ಹೊರಗಾದವ್ರನ್ನ ಮುಟ್ಟಿದ್ರೆ ನನ್ ಮಂತ್ರ ಕೆಡ್ತೈತೆ ಗೌಡ್ರೇ” ಎಂದು ತಿರುಗಿಹೋದ.

ಎರಡು ಎಮ್ಮೆ ಆಗಲೇ ಕರೆದಿಟ್ಟಿದ್ದೆ. ಉಳಿದೆರಡಕ್ಕೆ ಮಾವನ ಕೈಗೆ ಹಾಲು ಕರೆಯುವ ಚೊಂಬು ಕೊಟ್ಟು, ಹಾಲಿನ ಬಿಂದಿಗೆ ತಲೆಗೇರಿಸಿಕೊಂಡು ಜಯನಗರಕ್ಕೆ ಹೊರಟೆ.