ಗುಂಜಿ ಎಂದು ಬರೆಸಿದ ಕೂಸು

ಬೆಳಗಾವಿ ಕ್ಯಾಂಪಿನ ಅನಾಥಾಲಯದವರು ನನ್ನ ಕಡತದಿಂದ ಓದಿ ಹೇಳಿದ್ದು ಒಂದೇ ಸಾಲು: ‘ಹೆಣ್ಣು ಕೂಸು, ಗುಂಜಿ ಸ್ಟೇಶನ್ನಿನಲ್ಲಿ ಸಿಕ್ಕಿದ್ದು.’ ದತ್ತು ಹೋಗಿ ಬೆಳೆದ ನನಗೆ ಹೆತ್ತವಳನ್ನು ಹುಡುಕಲು ಇರುವ ಸುಳಿವು ಅದೊಂದೇ. ಎರಡು ದಿನ ಗುಂಜಿಯ ಮನೆಮನೆಗೆ ಹೋಗಿ, ವಯಸ್ಸಾದ ಪ್ರತಿ ಹೆಂಗಸಿನ ಮುಖದಲ್ಲೂ ನನ್ನ ಮೂಗು ಹುಡುಕಿದೆ. ಇವತ್ತು ಸ್ಟೇಶನ್ ಹೊರಗೆ ಚಹಾ ಮಾರುವ ಮುದುಕಿ ಕರೆದು ಕೂಡಿಸಿಕೊಂಡರು. ಹಿಂದೆ ಸುತ್ತಲಿನ ಊರುಗಳಿಗೆಲ್ಲ ಸೂಲಗಿತ್ತಿಯಾಗಿದ್ದವರಂತೆ.

“ಇಲ್ಲಿ ಯಾವ ಕೂಸೂ ಸಿಕ್ಕಿಲ್ಲ ಯವ್ವಾ. ಸುಮ್ನ ಯಾಕ ಅಡ್ಡಾಡ್ತಿ?”

“ಕಡತದಲ್ಲಿ ಬರೆದಿದೆಯಲ್ಲ! ಅದು ಸುಳ್ಳು ಅನ್ನೋದಕ್ಕೆ ಪುರಾವೆ ಏನು?” ಕಾಲೇಜಿನ ಚರ್ಚಾಸ್ಪರ್ಧೆಗಳು ಅಂಟಿಸಿದ ಚಟ ಇನ್ನೂ ಬಿಟ್ಟಿಲ್ಲ.

“ನಾನ ಬರಸೀನಲ್ಲ! ಲಗ್ನ ಆಗದ ಹುಡುಗಿ ಹಡದ್ರ ಕೂಸು ನಾನ ಬೆಳಗಾವಿಗೆ ಒಯ್ತಿದ್ದೆ. ಖರೇ ಊರು ಬರಸಿದ್ರ ಆಕಿ ಬದುಕೂದ ಹ್ಯಾಂಗ? ಅದಕ್ಕ ಗುಂಜಿ ಸ್ಟೇಶನ್ ಅಂತ ಹೇಳ್ತಿದ್ದೆ. ರೈಲಿನ್ಯಾಗ ಸಾವಿರ ಮಂದಿ ಬರ್ತಾರ, ಹೋಗ್ತಾರ. ಯಾರನ್ನಂತ ಕೇಳ್ತಾರ?”

ಹಾಗಾದರೆ ನನ್ನ ತಾಯಿಯ ಊರು ಯಾವುದು, ಅದನ್ನಾದರೂ ಹೇಳಿ ಎಂದೆ.

“ಒಂದ ಕೂಸಿನ ಮುಖಾನೂ ನಾ ನೋಡಿಲ್ಲ. ನೋಡಿದ್ರ ಒಯ್ಯಾಕ ಕಾಲ ಏಳ್ತಿದ್ದಿಲ್ಲ.” ಚಹಾದ ಕಪ್ಪನ್ನು ನನ್ನತ್ತ ಸರಿಸಿದರು. “ಗುಂಜಿಯಾಕಿ ಅಂತೂ ಅಲ್ಲ, ಅಷ್ಟ ತಿಳ್ಕೊ. ಗುಂಜಿಯವ್ರ ಕೂಸಿಗೆ ಖಾನಾಪುರ ಅಂತ ಬರಸ್ತಿದ್ದೆ.”